ಯಾರ ಕೈಯಲ್ಲಿ ಓಡಿದ ಗಾಡಿ?

ಎಂಟು–ಹನ್ನೆರಡು ವರ್ಷದ ಹಿಂದೆ ಶೋರೂಮಿನಲ್ಲಿ ಎಂಟು–ಹತ್ತು ಲಕ್ಷ ರೂಪಾಯಿ ಬೆಲೆಯಿದ್ದ ಕೆಲವು ಬಿರುಸಿನ ಸಣ್ಣ ಕಾರುಗಳು ಇವತ್ತು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತಿವೆ. ಕೊಲ್ಹಾಪುರ, ಪುಣೆ, ಬೆಂಗಳೂರುಗಳಲ್ಲಿ ಒಂದು ಸುತ್ತು ಓಡಿದ ಪೋಲೊ ಜಿಟಿ, ಬಲೆನೊ ಆರ್‌ಎಸ್, ಅಬಾರ್ತ್ ಪುಂಟೊಗಳ ಫೋಟೊ ಗೋಕಾಕ, ಮೂಡಲಗಿ, ಹುಕ್ಕೇರಿಯ ತರುಣರ ಮೊಬೈಲಿಗೆ ಬಂದು ಬೀಳುತ್ತವೆ. ಕಬ್ಬಿನ ಬಿಲ್ಲು ಕೈಗೆ ಬಂದಾಗ, ಹೊಸ ನೌಕರಿಯ ಸಂಬಳ ಶುರುವಾದಾಗ ಇಂಥದೊಂದು ಗಾಡಿಯ ಆಸೆ ಹುಟ್ಟಿದರೆ ತಪ್ಪೇನಿಲ್ಲ. ಆದರೆ ಈ ಪೇಟೆಯಲ್ಲಿ ಮಾತು ನಡೆಯುವುದು ಮಾಡೆಲ್, ಓಡಿದ ಕಿಲೋಮೀಟರ್, ಬೆಲೆ ಈ ಮೂರರ ಮೇಲೆ ಮಾತ್ರ. ಗಾಡಿ ಮುಂದೆ ಸುಖ ಕೊಡುತ್ತದೋ ಗೋಳು ಕೊಡುತ್ತದೋ ಎಂಬುದನ್ನು ನಿಜವಾಗಿ ತೀರ್ಮಾನಿಸುವ ಎರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಇದು ಯಾರ ಕೈಯಲ್ಲಿ ಹೇಗೆ ಓಡಿದೆ? ನಾಳೆ ಕೆಟ್ಟರೆ ರಿಪೇರಿ ಮಾಡುವವರು ಯಾರು? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆಯೇ ಬೆಲೆಯ ಮಾತಿಗೆ ಕೂರಬೇಕು ಎಂಬುದು ನನ್ನ ವಾದ.

ಹಾಟ್ ಹ್ಯಾಚ್ ಎಂದು ಕರೆಯುವ ಈ ಜಾತಿಯ ಕಾರು ಹೊಸದೇನಲ್ಲ. ಮನೆಬಳಕೆಯ ಸಣ್ಣ ಹ್ಯಾಚ್‌ಬ್ಯಾಕ್‌ಗೆ ಜೋರಾದ ಎಂಜಿನ್, ಬಿಗಿಯಾದ ಸಸ್ಪೆನ್ಷನ್, ಒಳ್ಳೆಯ ಬ್ರೇಕ್ ಕೂಡಿಸಿದರೆ ಅದೇ ಹಾಟ್ ಹ್ಯಾಚ್. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಇದನ್ನು ಜಗತ್ತಿನಲ್ಲಿ ಜನಪ್ರಿಯ ಮಾಡಿತು. ನಮ್ಮಲ್ಲಿ 2001ರ ಫಿಯೆಟ್ ಪಾಲಿಯೊ 1.6 ಆ ರುಚಿ ಹತ್ತಿಸಿತು. ಈಗ ಹಳೆಯ ಪೇಟೆಯಲ್ಲಿ ಸಿಗುವ ಗಾಡಿಗಳು ಅದರ ನಂತರದ ಪೀಳಿಗೆಯವು. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐಗೆ 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ, ಏಳು ಗಿಯರಿನ ಡಿಎಸ್‌ಜಿ ಆಟೊಮ್ಯಾಟಿಕ್ ಇತ್ತು. 2015ರ ಅಕ್ಟೋಬರಿನಲ್ಲಿ ಬಂದ ಅಬಾರ್ತ್ ಪುಂಟೊ 1.4 ಲೀಟರಿನಲ್ಲಿ 145 ಅಶ್ವಶಕ್ತಿ ಕೊಟ್ಟಿತು, ಬೆಲೆ 9.95 ಲಕ್ಷ. 2017ರ ಬಲೆನೊ ಆರ್‌ಎಸ್ ಒಂದೇ ಲೀಟರಿನ ಬೂಸ್ಟರ್‌ಜೆಟ್ ಎಂಜಿನ್ನಿನಿಂದ 102 ಅಶ್ವಶಕ್ತಿ ತೆಗೆಯಿತು, ಗಾಡಿಯ ತೂಕ 950 ಕಿಲೊ ಮಾತ್ರ. 2018ರಲ್ಲಿ ಟಾಟಾ ಟಿಯಾಗೊ ಜೆಟಿಪಿ ಬಂತು. ಇವುಗಳಲ್ಲಿ ಯಾವುದೂ ಇವತ್ತು ಹೊಸದಾಗಿ ಸಿಗುವುದಿಲ್ಲ, ಪೋಲೊ ಕೂಡ 2022ರಲ್ಲಿ ನಿಂತಿತು. ಹೀಗಾಗಿ ಈ ಗಾಡಿಗಳೇ ಬೇಕೆನ್ನುವವರಿಗೆ ಹಳೆಯ ಪೇಟೆಯೊಂದೇ ದಾರಿ.

ಬಯಕೆ ಹುಸಿಯೂ ಅಲ್ಲ. ಹತ್ತರಗಿ, ಯಮಕನಮರಡಿಯ ಬಳಿ ಹೆದ್ದಾರಿ ಹಿಡಿದು ಲಾರಿಗಳ ಸಾಲನ್ನು ದಾಟಬೇಕಾದಾಗ ಟರ್ಬೊ ಎಂಜಿನ್ನಿನ ಎಳೆತ ಚಾಲಕನನ್ನು ಅವುಗಳ ಪಕ್ಕದಲ್ಲಿ ಕಡಿಮೆ ಹೊತ್ತು ಇರಿಸುತ್ತದೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಬಲೆನೊ ಆರ್‌ಎಸ್, ನೆಲಕ್ಕೆ ಅಂಟಿಕೊಂಡಂತೆ ತಿರುವು ತೆಗೆಯುವ ಪುಂಟೊ ಕೊಡುವ ಭರವಸೆ ಸಾಮಾನ್ಯ ಸಣ್ಣ ಕಾರು ಕೊಡಲಾರದು. ಆದರೆ ಇಂಥ ಗಾಡಿಯನ್ನು ಕೊಂಡವನು ಸಾಮಾನ್ಯವಾಗಿ ಮೆಲ್ಲಗೆ ಓಡಿಸಲೆಂದು ಕೊಂಡಿರುವುದಿಲ್ಲ. ಒಂದೇ ವರ್ಷದ, ಒಂದೇ ಬಣ್ಣದ, ಅಷ್ಟೇ ಕಿಲೋಮೀಟರ್ ಓಡಿದ ಎರಡು ಗಾಡಿಗಳಲ್ಲಿ ಒಂದು ಕಾಲಕಾಲಕ್ಕೆ ಆಯಿಲ್ ಬದಲಿಸಿಕೊಂಡು ಗಟ್ಟಿಮುಟ್ಟಾಗಿರುತ್ತದೆ, ಇನ್ನೊಂದು ಒಳಗೊಳಗೇ ಸವೆದು ಮುಗಿದಿರುತ್ತದೆ. ಎತ್ತು ಕೊಳ್ಳುವಾಗ ನಮ್ಮ ರೈತರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ. ಅದಕ್ಕೂ ಮೊದಲು ಯಾರ ಮನೆಯ ಎತ್ತು ಎಂದು ಕೇಳುತ್ತಾರೆ. ಹಾಟ್ ಹ್ಯಾಚ್ ಕೊಳ್ಳುವವರಿಗೂ ಆ ಮೊದಲ ಪ್ರಶ್ನೆಯೇ ದೊಡ್ಡದು, ಏಕೆಂದರೆ ಟರ್ಬೊ, ಕ್ಲಚ್ಚು, ಗಿಯರ್‌ಬಾಕ್ಸುಗಳ ಆಯುಷ್ಯವೆಲ್ಲ ಹಿಂದಿನ ಮಾಲೀಕನ ನಡವಳಿಕೆಯ ಲೆಕ್ಕ.

ರಿಪೇರಿಯ ಪ್ರಶ್ನೆಗೆ ಪೋಲೊ ಜಿಟಿ ಟಿಎಸ್‌ಐ ಒಳ್ಳೆಯ ಉದಾಹರಣೆ. ಅದರ ಡಿಎಸ್‌ಜಿ ಗಿಯರ್‌ಬಾಕ್ಸಿನಲ್ಲಿ ಎರಡು ಒಣ ಕ್ಲಚ್ಚುಗಳಿವೆ, ಅವುಗಳನ್ನು ಆಡಿಸುವ ಮೆಕಾಟ್ರಾನಿಕ್ಸ್ ಎಂಬ ವಿದ್ಯುನ್ಮಾನ–ಹೈಡ್ರಾಲಿಕ್ ಘಟಕ ಒಂದಿದೆ. ಆಯಿಲಿನಲ್ಲಿ ಮುಳುಗಿರದ ಕ್ಲಚ್ಚಿಗೆ ಶಾಖವೇ ಶತ್ರು. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳನ್ನು ಕರೆಸಿಕೊಂಡು ಇದೇ ಏಳು ಗಿಯರಿನ ಡಿಎಸ್‌ಜಿಯಲ್ಲಿದ್ದ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಟ್ಟಿತು. ಸೆಕೆ ಹೆಚ್ಚಿರುವ, ನಿಂತು–ಹೊರಡುವ ಸಂಚಾರ ಹೆಚ್ಚಿರುವ ಕಡೆ ತೊಂದರೆ ಬರುತ್ತದೆ ಎಂದು ಕಂಪನಿಯೇ ಹೇಳಿತ್ತು. ಈಗ ನಮ್ಮ ಕಬ್ಬಿನ ಸೀಸನ್ ನೆನೆಯಿರಿ. ಕಾರ್ಖಾನೆ ಶುರುವಾದ ಮೇಲೆ ಸಂಕೇಶ್ವರ ರಸ್ತೆಯಲ್ಲಿ ಎರಡೆರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಒಂದು–ಎರಡನೇ ಗಿಯರಿನಲ್ಲಿ ತೆವಳುವುದು ತಿಂಗಳುಗಟ್ಟಲೆ ನಡೆಯುತ್ತದೆ. ಒಣ ಕ್ಲಚ್ಚು ಅತಿ ಹೆಚ್ಚು ಸವೆಯುವುದು ಇಂಥ ಓಡಾಟದಲ್ಲೇ. ಪೋಲೊ ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಓಡಿಸುವಾಗ ಹೆದ್ದಾರಿಯಲ್ಲಿ ನೂರು ಮುಟ್ಟಿಸಿ ಖುಷಿಪಡುವ ಬದಲು, ಎಂಜಿನ್ ಚೆನ್ನಾಗಿ ಕಾದ ಮೇಲೆ ಸಂತೆಯ ದಿನದ ಗದ್ದಲದಲ್ಲಿ ಅರ್ಧ ಗಂಟೆ ತೆವಳಿಸಿ ನೋಡಬೇಕು. ಒಂದರಿಂದ ಎರಡಕ್ಕೆ ಹೋಗುವಾಗ ನಡುಕ, ಹೊರಡುವಾಗ ಜರ್ಕು ಕಂಡರೆ ದೊಡ್ಡ ಖರ್ಚು ಬಾಗಿಲಲ್ಲೇ ಕಾದಿದೆ ಎಂದರ್ಥ.

ಉಳಿದ ಗಾಡಿಗಳನ್ನೂ ಇದೇ ಒರೆಗೆ ಹಚ್ಚಿ ನೋಡಬಹುದು. ಅಬಾರ್ತ್ ಪುಂಟೊದ ಓಟ ಈ ಗುಂಪಿನಲ್ಲೇ ಅತಿ ಜೋರು, ಗಿಯರ್ ಕೈಯಿಂದ ಹಾಕುವಂಥದು. ಆದರೆ 2020ರ ಬಿಎಸ್–6 ನಿಯಮ ಬರುವ ಮೊದಲೇ ಫಿಯೆಟ್ ತನ್ನ ಹೆಸರಿನ ಕಾರುಗಳನ್ನು ಇಲ್ಲಿ ಮಾರುವುದನ್ನು ನಿಲ್ಲಿಸಿತು. ಲಿನಿಯಾ ಟಿ–ಜೆಟ್‌ಗೂ ಇದೇ 1.4 ಎಂಜಿನ್ ಇದ್ದುದರಿಂದ ಕೆಲವು ಭಾಗ ಹೊಂದುತ್ತವೆ, ಆದರೂ ಸ್ಪೇರ್ ಪಾರ್ಟು ಹುಡುಕಲು ಸಮಯ ಬೇಕು. ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ. ಅದನ್ನು ಕೊನೆಯ ಬಾರಿ ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಬೇಕು. ನೆಲದಿಂದ 155 ಮಿಲಿಮೀಟರ್ ಎತ್ತರವಷ್ಟೇ ಇರುವುದರಿಂದ ನಮ್ಮ ಹಳ್ಳಿಗಳ ರೋಡ್ ಹಂಪುಗಳಲ್ಲಿ ತಳ ತಾಗಿಸಿಕೊಂಡ ಗುರುತನ್ನೂ ನೋಡಬೇಕು. ಪೋಲೊ ಜಿಟಿ ಟಿಡಿಐ ಡೀಸೆಲ್ ಗಟ್ಟಿ ಗಾಡಿ. ಆದರೆ 2015ರ ಡಿಸೆಂಬರಿನಲ್ಲಿ ಹೊಗೆ ನಿಯಮದ ವಿವಾದದಿಂದಾಗಿ ಭಾರತದಲ್ಲಿ 3.23 ಲಕ್ಷಕ್ಕೂ ಹೆಚ್ಚು ಡೀಸೆಲ್ ಗಾಡಿಗಳನ್ನು ಆ ಕಂಪನಿ ಸಮೂಹ ಕರೆಸಿಕೊಂಡಿತ್ತು. ನೀವು ನೋಡುತ್ತಿರುವ ಗಾಡಿ ಅದರಲ್ಲಿತ್ತೇ, ಕೆಲಸ ಆಯಿತೇ ಎಂದು ಕೇಳಬೇಕು. ಬಲೆನೊ ಆರ್‌ಎಸ್‌ನಲ್ಲಿ ಟರ್ಬೊ ಎಂಜಿನ್ ಬಿಟ್ಟರೆ ಬಾಗಿಲು, ದೀಪ, ಸಸ್ಪೆನ್ಷನ್ನಿನ ಬಹುಪಾಲು ಸಾಮಾನ್ಯ ಬಲೆನೊದ್ದೇ. ಮಾರುತಿಯ ಭಾಗ ಸಿಗದ ಊರು ನಮ್ಮಲ್ಲಿ ಕಡಿಮೆ. ಓಟದಲ್ಲಿ ಅಬಾರ್ತ್‌ಗೆ ಸಾಟಿಯಲ್ಲದಿದ್ದರೂ ಮೂಡಲಗಿಯಲ್ಲಿ ಇಟ್ಟುಕೊಂಡು ಬಾಳಿಸಲು ಈ ಗುಂಪಿನಲ್ಲಿ ಅದೇ ಸರಳ.

ನಮ್ಮ ಮಿಸ್ತ್ರಿಗಳು ಏನು ಬೇಕಾದರೂ ರಿಪೇರಿ ಮಾಡುತ್ತಾರೆ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಅವರ ಕೈಚಳಕವನ್ನು ನಾನು ಕಡೆಗಣಿಸುವುದಿಲ್ಲ. ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಹೊಲದ ಬದುವಿನಲ್ಲೇ ಜೋಡಿಸಬಲ್ಲ ಜನ ಅವರು. ಬೆಳಗಾವಿಯ ಉದ್ಯಮಬಾಗ, ಕೊಲ್ಹಾಪುರದ ಉದ್ಯಮನಗರಗಳಲ್ಲಿ ಲೇತ್ ಕೆಲಸಕ್ಕೆ, ಎರಕಕ್ಕೆ ಹೆಸರಾದ ಕಾರ್ಯಾಗಾರಗಳಿವೆ. ಸಸ್ಪೆನ್ಷನ್, ಬ್ರೇಕು, ಬೇರಿಂಗು, ರೇಡಿಯೇಟರುಗಳನ್ನು ಅವರಿಗೆ ಧೈರ್ಯವಾಗಿ ಒಪ್ಪಿಸಬಹುದು. ಆದರೆ ಮೆಕಾಟ್ರಾನಿಕ್ಸ್ ಘಟಕದ ದೋಷ, ನೇರ ಇಂಧನ ಚಿಮ್ಮಿಸುವ ಎಂಜಿನ್ನಿನ ಒತ್ತಡದ ಏರುಪೇರು ಕಿವಿಗೆ ಕೇಳಿಸುವಂಥದಲ್ಲ. ಅದಕ್ಕೆ ಆ ಕಂಪನಿಯ ಗಾಡಿಗೆ ಹೊಂದುವ ಸ್ಕ್ಯಾನರ್ ಬೇಕು, ಅದು ತೋರಿಸುವ ಅಂಕಿ ಓದಲು ಬರಬೇಕು. ಅಂಥವರು ಗೋಕಾಕದಲ್ಲೇ ಇದ್ದರೆ ಬಹಳ ಸಂತೋಷ; ಇಲ್ಲದಿದ್ದರೆ ಬೆಳಗಾವಿಯವರೆಗೆ ಗಾಡಿಯನ್ನು ಟೋ ಮಾಡಿಸುವ ಖರ್ಚೂ ಲೆಕ್ಕದಲ್ಲಿರಬೇಕು. ಕೊಳ್ಳುವ ಮೊದಲು ಆ ಮಿಸ್ತ್ರಿಯನ್ನು ಹುಡುಕಿ ಮಾತಾಡುವುದು ಜಾಣತನ. ಅವರಿಗೆ ಕೂಲಿ ಕೊಟ್ಟು ಗಾಡಿ ನೋಡಲು ಕರೆದೊಯ್ದರೆ ಇನ್ನೂ ಒಳ್ಳೆಯದು. ಮಾರುವವನು ದೋಷದ ಕೋಡುಗಳನ್ನು ಹಿಂದಿನ ದಿನವಷ್ಟೇ ಅಳಿಸಿದ್ದರೆ, ಗಾಡಿಯ ಕಂಪ್ಯೂಟರ್ ತನ್ನ ಸ್ವಯಂ ತಪಾಸಣೆಗಳನ್ನು ಇನ್ನೂ ಮುಗಿಸಿಲ್ಲ ಎಂದು ಸ್ಕ್ಯಾನರ್‌ನಲ್ಲಿ ಕಾಣುತ್ತದೆ.

ಇನ್ನು ಕಾಗದಪತ್ರ. ಗಡಿ ಭಾಗದಲ್ಲಿ ಮಹಾರಾಷ್ಟ್ರದ ಎಂಎಚ್ ಪಾಸಿಂಗ್ ಗಾಡಿ ಅಗ್ಗ ಎಂಬ ಮಾತು ರೂಢಿಯಲ್ಲಿದೆ. ಆ ಅಗ್ಗದಲ್ಲಿ ಕರ್ನಾಟಕದ ತೆರಿಗೆ ಸೇರಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 47ರ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಸಾಲ ತೀರಿದ್ದರೆ ಫಾರಂ 35 ಬೇಕು, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ಈ ತೆರಿಗೆ ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ನಿಂತಿದೆ. ನಾವು ಕೊಟ್ಟ ಹಳೆಯ ಬೆಲೆಯನ್ನು ಅದು ಕೇಳುವುದಿಲ್ಲ. ಹೊಸದಾಗಿ ಹತ್ತು ಲಕ್ಷದ ಹತ್ತಿರವಿದ್ದ ಹಾಟ್ ಹ್ಯಾಚ್‌ಗೆ, ಅದೇ ವಯಸ್ಸಿನ ಐದು ಲಕ್ಷದ ಸಾಮಾನ್ಯ ಕಾರಿಗಿಂತ ತೆರಿಗೆ ಹೆಚ್ಚೇ ಬರುತ್ತದೆ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ಮರಳಿ ಕೇಳಬಹುದು, ಆದರೆ ಅದಕ್ಕೆ ಓಡಾಟವಿದೆ. ಇದನ್ನೆಲ್ಲ ಕೂಡಿಸಿದಾಗ ನಮ್ಮ ಭಾಗದ್ದೇ ಆದ ಕೆಎ 49 ಅಥವಾ ಕೆಎ 23ರ ಗಾಡಿ ನಲವತ್ತು–ಐವತ್ತು ಸಾವಿರ ದುಬಾರಿ ಕಂಡರೂ ಕೊನೆಗೆ ಅದೇ ಅಗ್ಗವಾಗಬಹುದು. ವಯಸ್ಸಿನದೂ ಒಂದು ಲೆಕ್ಕವಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. 2013ರ ಪೋಲೊ 2028ರಲ್ಲಿ ತಪಾಸಣೆಗೆ ನಿಲ್ಲಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕವನ್ನು 5,000 ರೂಪಾಯಿಗೆ ಏರಿಸಲಾಯಿತು.

ಇದಕ್ಕಿಂತ ದೊಡ್ಡ ಅಪಾಯ ಖಾಲಿ ಫಾರಮಿನ ವ್ಯವಹಾರ. ಮೊದಲ ಮಾಲೀಕನಿಂದ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡ ಏಜೆಂಟ್, ಹೆಸರು ಬದಲಾಯಿಸದೆ ಗಾಡಿಯನ್ನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ದಾಟಿಸುತ್ತಾನೆ. ಆರ್‌ಸಿಯಲ್ಲಿ ಒಬ್ಬನೇ ಮಾಲೀಕ. ಗಾಡಿ ಓಡಿಸಿದವರು ನಾಲ್ವರು. ಯಾರ ಕೈಯಲ್ಲಿ ಓಡಿದೆ ಎಂಬ ಪ್ರಶ್ನೆಗೆ ಸುಳ್ಳು ಉತ್ತರ ಹುಟ್ಟುವುದು ಇಲ್ಲಿಯೇ. ಕೊಂಡವನು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕೆಂದು ಕಾನೂನು ಹೇಳುತ್ತದೆ. ಮಾರಿದವನಿಗೂ ಇದರಿಂದ ಬಿಡುಗಡೆಯಿಲ್ಲ: ದಾಖಲೆಯಲ್ಲಿ ಹೆಸರು ಉಳಿದಿರುವವರೆಗೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಆರ್‌ಸಿಯಲ್ಲಿರುವ ವ್ಯಕ್ತಿಯೊಂದಿಗೆ ನೇರ ಮಾತಾಡದೆ ಸಂಚಕಾರ ಕೊಡಬಾರದು. ಒಂದು ಫೋನ್ ಕರೆಗೂ ಅಡ್ಡ ಬರುವ ಏಜೆಂಟ್ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ತಿಳಿಯಬೇಕು.

ನೀರಿನ ವಿಷಯವನ್ನು ಈ ಭಾಗದವರಿಗೆ ಹೆಚ್ಚು ವಿವರಿಸಬೇಕಿಲ್ಲ. 2019ರ ಆಗಸ್ಟ್, 2021ರ ಜುಲೈ, 2024ರ ಜುಲೈಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನುಗ್ಗಿದ್ದನ್ನು, ಲೋಳಸೂರ ಸೇತುವೆ ಮುಳುಗಿದ್ದನ್ನು ಜನ ಮರೆತಿಲ್ಲ. 2019 ಮತ್ತು 2021ರಲ್ಲಿ ಕೊಲ್ಹಾಪುರ, ಸಾಂಗಲಿಗಳೂ ಮುಳುಗಿದವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ನಿಂತವು. ನಮ್ಮ ಪೇಟೆಗೆ ಗಾಡಿಗಳು ಬರುವುದು ಇದೇ ಊರುಗಳಿಂದ. ನೆರೆ ಕಂಡ ಗಾಡಿಯನ್ನು ತೊಳೆದು, ಸೀಟಿನ ಬಟ್ಟೆ ಬದಲಿಸಿ, ಪಾಲಿಶ್ ಹೊಡೆದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಳಗಿನ ಭಾಗದಲ್ಲಿ ಕೆಸರಿನ ಕಲೆಯ ಗೆರೆ ಉಳಿದಿರುತ್ತದೆ. ಸೀಟಿನ ಹಳಿಗಳ ಮೂಲೆಯಲ್ಲಿ ತುಕ್ಕು, ಕಾರ್ಪೆಟ್ಟಿನ ಕೆಳಗೆ ನುಣ್ಣಗಿನ ರೇವೆ, ಫ್ಯೂಸ್ ಬಾಕ್ಸಿನ ಪಿನ್ನುಗಳ ಮೇಲೆ ಹಸಿರು ಪಾಚಿಯಂಥ ಪದರ ಸಿಗುತ್ತವೆ. ಸಾದಾ ಗಾಡಿಯೇ ನೀರಿನ ನಂತರ ಕಾಡುತ್ತದೆ. ಕಂಪ್ಯೂಟರುಗಳ ಮೇಲೆ ನಡೆಯುವ ಟರ್ಬೊ ಗಾಡಿ ವರ್ಷಗಟ್ಟಲೆ ಕಾಡುತ್ತದೆ.

ಹಿಂದಿನ ಮಾಲೀಕನ ನಡವಳಿಕೆ ತಿಳಿಯಲು ಮಾರುವವನ ಮಾತನ್ನು ನಂಬಿ ಕೂರಬೇಕಿಲ್ಲ, ಗಾಡಿಯಲ್ಲೇ ಅದರ ಬರಹವಿದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕು ಟೈರಿಗೆ ನಾಲ್ಕು ಕಂಪನಿ, ನಾಲ್ಕು ವರ್ಷ ಇದ್ದರೆ, ಕೆಟ್ಟಾಗ ಕೆಟ್ಟದ್ದನ್ನಷ್ಟೇ ತೇಪೆ ಹಾಕಿದ ಮಾಲೀಕ ಇವನು ಎಂದು ತಿಳಿಯುತ್ತದೆ. ಮೀಟರಿನಲ್ಲಿ 38,000 ಕಿಲೋಮೀಟರ್ ತೋರಿಸುವ ಗಾಡಿಯ ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿ ಸವೆದಿದ್ದರೆ ಎರಡರಲ್ಲಿ ಒಂದು ಸುಳ್ಳು. ಹಳೆಯ ವಿಮಾ ಪಾಲಿಸಿ ಕೇಳಿ ಪಡೆಯಿರಿ. ಕ್ಲೇಮ್ ಮಾಡದ ಮಾಲೀಕನಿಗೆ ಸಿಗುವ ನೋ ಕ್ಲೇಮ್ ಬೋನಸ್ ವರ್ಷ ವರ್ಷ 20, 25, 35, 45, 50 ಶೇಕಡ ಹೀಗೆ ಏರುತ್ತದೆ. ಆರು ವರ್ಷದ ಗಾಡಿಗೆ ಬೋನಸ್ ಸೊನ್ನೆಯಿದ್ದರೆ ಹಿಂದಿನ ವರ್ಷ ಏನೋ ಆಗಿರಬಹುದು, ಅದೇನು ಎಂದು ಕೇಳುವ ಹಕ್ಕು ನಿಮಗಿದೆ. ಈ ಬೋನಸ್ ಗಾಡಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಹಳೆಯ ಇನ್ನೊಂದು ಗಾಡಿಯಿಂದ ತಂದದ್ದೂ ಇರಬಹುದಾದ್ದರಿಂದ ಸರ್ವಿಸ್ ಬಿಲ್ಲುಗಳ ಜೊತೆ ತಾಳೆ ನೋಡಬೇಕು. ಕೊನೆಗೆ, ಗಾಡಿಯನ್ನು ಬೆಳಗಿನ ತಂಪಿನಲ್ಲಿ, ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ಎಂಜಿನ್ನಿನ ಟೈಮಿಂಗ್ ಚೈನಿನ ಗಡಗಡ ಸದ್ದು, ನೀಲಿ ಹೊಗೆ ಬರುವುದಿದ್ದರೆ ಆ ಮೊದಲ ಕೆಲವು ಸೆಕೆಂಡುಗಳಲ್ಲೇ ಬರುತ್ತದೆ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ.

ರಿಮ್ಯಾಪ್ ಮಾಡಿಸಿದ ಗಾಡಿಗೆ ಬೆಲೆ ಹೆಚ್ಚು ಎಂದು ಮಾರುವವರು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದರ ಬೆಲೆ ಕಡಿಮೆಯಾಗಬೇಕು. ಕಂಪ್ಯೂಟರಿನ ಲೆಕ್ಕ ತಿದ್ದಿ ಟರ್ಬೊದಿಂದ ಹೆಚ್ಚು ಗಾಳಿ ಒತ್ತಿಸಿದರೆ ಓಟ ಹೆಚ್ಚುವುದು ನಿಜ. ಆದರೆ ಕ್ಲಚ್ಚು, ಗಿಯರು, ಪಿಸ್ಟನ್ ಹಳೆಯವೇ, ಅವುಗಳ ಮೇಲೆ ಬೀಳುವ ಭಾರ ಮಾತ್ರ ಹೊಸದು. ಕಾನೂನೂ ಇದಕ್ಕೆ ವಿರುದ್ಧ. ತಯಾರಕರು ಕೊಟ್ಟ ಮೂಲ ವಿವರಣೆಗೆ ಹೊಂದದ ಬದಲಾವಣೆಯನ್ನು ಸೆಕ್ಷನ್ 52 ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆಗೆ ಅವಕಾಶ ಕೊಟ್ಟಿತು. ಅಪಘಾತವಾದಾಗ ವಿಮಾ ಕಂಪನಿ ಈ ನೆಪ ಹಿಡಿದು ಕ್ಲೇಮ್ ತಡೆಯಬಹುದು. ಕಂಪನಿಯಿಂದ ಬಂದ ಹಾಗೆಯೇ ಇರುವ ಗಾಡಿ ಸಪ್ಪೆಯಾಗಿ ಕಂಡರೂ ಅದನ್ನೇ ಆರಿಸಬೇಕು.

ಇನ್ನೊಂದು ಸಂಗತಿ ನಮ್ಮ ಹೊಲಗಳಿಗೇ ಸಂಬಂಧಿಸಿದ್ದು. ಸಂಕೇಶ್ವರದ ಹಿರಣ್ಯಕೇಶಿ, ಬೆಲ್ಲದ ಬಾಗೇವಾಡಿಯ ವಿಶ್ವರಾಜ ಮುಂತಾದ ಕಾರ್ಖಾನೆಗಳಿಗೆ ಕಬ್ಬು ಕೊಡುವ ಈ ನೆಲದಲ್ಲಿ ಎಥನಾಲ್ ರೈತರ ಬಿಲ್ಲಿಗೆ ಆಸರೆಯಾಗಿದೆ, ಅದನ್ನು ಬೇಡ ಎನ್ನಲಾಗದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇಕಡ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಈಗ ಎಲ್ಲೆಡೆ ಸಾಮಾನ್ಯವಾಗಿದೆ. ಆದರೆ ನಾವು ಮಾತಾಡುತ್ತಿರುವ ಗಾಡಿಗಳೆಲ್ಲ ಅದಕ್ಕೂ ಮೊದಲು ತಯಾರಾದವು. ಹಳೆಯ ನಾಲ್ಕು ಚಕ್ರದ ಗಾಡಿಗಳಲ್ಲಿ ಇ20ರಿಂದ ಮೈಲೇಜ್ ಶೇಕಡ 6–7ರಷ್ಟು ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಎಥನಾಲಿನ ಆಕ್ಟೇನ್ ಹೆಚ್ಚಿರುವುದರಿಂದ ಟರ್ಬೊ ಎಂಜಿನ್ನಿನಲ್ಲಿ ನಾಕಿಂಗ್ ತಗ್ಗುತ್ತದೆ ಎಂಬುದೂ ಖರೆ. ತೊಂದರೆ ಬರುವುದು ಹಳೆಯ ರಬ್ಬರಿನ ಪೈಪು, ಸೀಲುಗಳಲ್ಲಿ, ಮತ್ತು ಎಥನಾಲ್ ಗಾಳಿಯ ತೇವ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ. ಹಾಟ್ ಹ್ಯಾಚ್ ಬಹಳ ಮನೆಗಳಲ್ಲಿ ಎರಡನೇ ಗಾಡಿ, ಹೆಚ್ಚು ಹೊತ್ತು ನಿಂತೇ ಇರುತ್ತದೆ. ಕೊಂಡ ತಕ್ಷಣ ಇಂಧನದ ಪೈಪುಗಳನ್ನು ಪರೀಕ್ಷಿಸಿ, ಬಿರುಕು ಬಿಟ್ಟವನ್ನು ಬದಲಿಸಿ, ವಾರಕ್ಕೊಮ್ಮೆಯಾದರೂ ಚೆನ್ನಾಗಿ ಓಡಿಸುವುದೇ ಇದಕ್ಕೆ ಪರಿಹಾರ.

ಇಷ್ಟೆಲ್ಲ ತಾಪತ್ರಯಕ್ಕಿಂತ ಅದೇ ದುಡ್ಡಿಗೆ ಹೊಸ ಸಣ್ಣ ಕಾರು ತೆಗೆದುಕೊಳ್ಳಬಾರದೇ ಎಂದು ಮನೆಯ ಹಿರಿಯರು ಕೇಳಿದರೆ ಆ ಮಾತಿಗೆ ತೂಕವಿದೆ. ಮನೆಗೆ ಒಂದೇ ಗಾಡಿ, ದಿನವೂ ಹೆಂಡತಿ ಮಕ್ಕಳು, ವಯಸ್ಸಾದ ತಂದೆ ತಾಯಿ ಅದರಲ್ಲೇ ಓಡಾಡಬೇಕು ಎಂದಾದರೆ ಹೊಸ ಸಾದಾ ಕಾರೇ ಸರಿ; ಆಸ್ಪತ್ರೆಗೆ ಹೋಗಬೇಕಾದ ರಾತ್ರಿ ಸ್ಕ್ಯಾನರ್ ಹುಡುಕುತ್ತ ಕೂರಲಾಗದು. ಆದರೆ ಹಳೆಯದೆಲ್ಲ ಅಪಾಯ, ಹೊಸದೆಲ್ಲ ಸುರಕ್ಷಿತ ಎಂಬ ತರ್ಕ ನಿಲ್ಲುವುದಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಸಿಎಪಿ ನಮ್ಮ ಕಾರುಗಳನ್ನು ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಪೋಲೊಗೆ ಸೊನ್ನೆ ನಕ್ಷತ್ರ, ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ನಾಲ್ಕು ನಕ್ಷತ್ರ ಬಂತು. ರಕ್ಷಣೆ ತೂಗುವಾಗ ಗಾಡಿಯ ವರ್ಷವೊಂದನ್ನೇ ನೋಡಿದರೆ ಸಾಲದು, ಅದರ ಕಟ್ಟು ಮತ್ತು ಉಪಕರಣಗಳನ್ನೂ ನೋಡಬೇಕು. ಏರ್‌ಬ್ಯಾಗ್ ಒಮ್ಮೆ ತೆರೆದು, ದುಡ್ಡು ಉಳಿಸಲು ಮುಚ್ಚಳ ಮಾತ್ರ ಹೊಸದು ಹಾಕಿದ ಗಾಡಿ ಆ ರಕ್ಷಣೆಯನ್ನು ಕೊಡಲಾರದು. ಹಿಂದಿನ ಚರಿತ್ರೆ ತಿಳಿಯಬೇಕೆನ್ನುವುದು ಜೀವದ ಪ್ರಶ್ನೆಯೂ ಹೌದು.

ವೇಗದ ಗಾಡಿ ಹುಡುಗರ ಕೈಗೆ ಕೊಟ್ಟರೆ ಅನಾಹುತ ಎಂಬ ಭಯವೂ ಸುಳ್ಳಲ್ಲ. ರಾತ್ರಿ ಹಿಂದಿನ ದೀಪವಿಲ್ಲದೆ ನಿಂತ ಕಬ್ಬಿನ ಡಬ್ಬಿಗೆ ಎಷ್ಟು ಅಶ್ವಶಕ್ತಿಯೂ ಉತ್ತರವಲ್ಲ. ಸೀಸನ್ನಿನಲ್ಲಿ ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಯಾವ ಗಾಡಿಯೇ ಆಗಲಿ, ಹೆಡ್‌ಲೈಟ್ ಬೆಳಕು ಬೀಳುವಷ್ಟು ದೂರದಲ್ಲಿ ನಿಲ್ಲಿಸಲಾಗುವ ವೇಗದಲ್ಲೇ ಓಡಬೇಕು. ಆ ಶಿಸ್ತು ಇಲ್ಲದವರಿಗೆ ಈ ಗಾಡಿ ಬೇಡ ಎಂದು ನೇರವಾಗಿ ಹೇಳುತ್ತೇನೆ. ಶಿಸ್ತು ಇರುವವರಿಗೆ ಮಾತ್ರ ಒಳ್ಳೆಯ ಬ್ರೇಕು, ಬೇಗ ಸ್ಪಂದಿಸುವ ಸ್ಟಿಯರಿಂಗು ರಕ್ಷಣೆಯಾಗುತ್ತವೆ.

ಹಾಗಾದರೆ ಕೈಯಲ್ಲಿರುವ ದುಡ್ಡನ್ನು ಹೇಗೆ ಹಂಚಬೇಕು? ನಾಲ್ಕು ಲಕ್ಷ ಇದ್ದವರು ನಾಲ್ಕು ಲಕ್ಷದ ಗಾಡಿ ಹುಡುಕಬಾರದು. ಮೂರು ಲಕ್ಷದ ಗಾಡಿ ತೆಗೆದು ಒಂದು ಲಕ್ಷವನ್ನು ಮೊದಲ ವರ್ಷದ ಟೈರು, ಆಯಿಲ್, ಬೆಲ್ಟ್, ಬ್ಯಾಟರಿ, ತೆರಿಗೆ, ವಿಮೆಗೆ ಎತ್ತಿಡಬೇಕು. ಆ ಮೂರು ಲಕ್ಷದಲ್ಲಿ ದೊಡ್ಡ ಹೆಸರಿನ ಮುರುಕು ಗಾಡಿ ಮತ್ತು ಸಣ್ಣ ಹೆಸರಿನ ಗಟ್ಟಿ ಗಾಡಿ ಎರಡೂ ಸಿಕ್ಕರೆ ಎರಡನೆಯದನ್ನೇ ಆರಿಸಬೇಕು. ಸರ್ವಿಸ್ ಬಿಲ್ಲುಗಳ ಕಟ್ಟು, ಫೋನಿಗೆ ಸಿಗುವ ಮೊದಲ ಮಾಲೀಕ, ಕಂಪನಿಯಿಂದ ಬಂದಂತೆಯೇ ಇರುವ ಎಂಜಿನ್, ಹತ್ತಿರದಲ್ಲೇ ಇರುವ ತಿಳಿದ ಮಿಸ್ತ್ರಿ, ಈ ನಾಲ್ಕೂ ಕೂಡಿ ಬಂದ ಗಾಡಿಗೆ ಪೇಟೆಗಿಂತ ಇಪ್ಪತ್ತು–ಮೂವತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇವುಗಳಲ್ಲಿ ಎರಡು ಇಲ್ಲದ ಗಾಡಿ ಒಂದು ಲಕ್ಷ ಕಡಿಮೆಗೆ ಬಂದರೂ ಬಿಡಬೇಕು. ಕೊಳ್ಳುವವರು ಹೀಗೆ ಬಿಲ್ಲು ಕೇಳತೊಡಗಿದರೆ ಮಾರುವವರೂ ಬಿಲ್ಲು ಇಡಲು ಕಲಿಯುತ್ತಾರೆ, ಖಾಲಿ ಫಾರಮಿನ ವ್ಯವಹಾರ ತಾನಾಗಿ ತಗ್ಗುತ್ತದೆ, ಚೆನ್ನಾಗಿ ನೋಡಿಕೊಂಡ ಮಾಲೀಕನಿಗೆ ತಕ್ಕ ಬೆಲೆ ಸಿಗುತ್ತದೆ. ಗಡಿ ಭಾಗದ ಈ ಪೇಟೆಯನ್ನು ನೇರ್ಪುಗೊಳಿಸುವ ಶಕ್ತಿ ಏಜೆಂಟರಿಗಿಂತ ಮೊದಲು ಕೊಳ್ಳುವ ನಮ್ಮ ಕೈಯಲ್ಲಿದೆ.